‘ಪೀಸ್‌ನಿಕ್’ಗೆ ಹನ್ನೆರಡನೆಯ ಚೀಟಿ

೧೪ ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ನೀನು ಆರೋಗ್ಯವಾಗಿದ್ದೀಯ ಅಂದುಕೊಂಡೇ ಶುರು ಮಾಡುತ್ತೇನೆ. ನಿನ್ನ ಪತ್ರ ಬಂದು ಐದು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಕೆಲಸದ ನೆಪ ಹೇಳಬಹುದು, ಅದು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಎರಡು ಸಲ ಬರೆದು ಹರಿದೆ. ಇದರಲ್ಲಿ ತಪ್ಪುಗಳು ಕಂಡರೆ ಇಂಗ್ಲಿಷ್ ಮೀಡಿಯಮ್ಮಿನವಳನ್ನು ನಿಘಂಟಿನ ಕೆಲಸಕ್ಕೆ ಸೇರಿಸಿಕೊಂಡವರನ್ನು ಬೈದುಕೋ.

ಅಪ್ಪ ಹಾಗೇ ಇದ್ದಾರೆ. ಮೊಣಕಾಲು ನೋವು. ಬೆಳಿಗ್ಗೆ ಗಡ್ಡ ಕೆರೆದು, ಷರ್ಟಿಗೆ ತಾವೇ ಇಸ್ತ್ರಿ ಮಾಡಿಕೊಂಡು, ಎಲ್ಲಿಗೂ ಹೋಗುವುದಿಲ್ಲದೆ ಕಿಟಕಿಯ ಪಕ್ಕ ಕೂರುತ್ತಾರೆ. ನಿನ್ನ ಸುದ್ದಿ ಎತ್ತುವುದಿಲ್ಲ. ಆದರೆ ನಿನ್ನ ಪತ್ರ ಬಂದ ದಿನ ಅಂಚೆ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ, “ಅಲ್ಲಿ ಈಗ ಚಳಿ ಇರುತ್ತಲ್ವಾ?” ಅಂದರು. “ಇರುತ್ತಪ್ಪ” ಅಂದೆ. ಅಷ್ಟೇ.

ನಮ್ಮ ನಿಘಂಟಿನಲ್ಲಿ ಈಗ ‘ಪ’ ನಡೆಯುತ್ತಿದೆ. ಹೊರಗಿನಿಂದ ಬಂದು ಸೇರಿಕೊಂಡ ಪದಗಳು ನನ್ನ ಪಾಲು. ಕಳೆದ ವಾರ ಮೇಜಿಗೆ ಬಂದ ಚೀಟಿಗಳ (ಪದ ಬಳಕೆಯಾದ ವಾಕ್ಯವನ್ನು ತಾರೀಕಿನ ಸಮೇತ ಬರೆದಿಟ್ಟವು) ಕಟ್ಟು ಬಿಚ್ಚಿದರೆ ಮೇಲೆಯೇ ‘ಪೀಸ್‌ನಿಕ್’ ಇತ್ತು. ಎದ್ದು ಹೋಗಿ ನೀರು ಕುಡಿದು ಬಂದೆ.

ಅರ್ಥ ಬರೆಯುವುದು ಕಷ್ಟವಾಗಲಿಲ್ಲ. ಯುದ್ಧ ಬೇಡ ಎಂದು ಬೀದಿಗಿಳಿಯುವವರು, ಆಡುಮಾತು. ‘ಪೀಸ್’ ಅಂದರೆ ಶಾಂತಿ, ಅದಕ್ಕೆ ‘ನಿಕ್’ ಅನ್ನುವ ಬಾಲ ಅಂಟಿಸಿದರೆ ಅಣಕ. ತೊಡಕಾದದ್ದು ಅರ್ಥದ ಮುಂದಿನ ಕಂಸ. ಹನ್ನೊಂದು ಚೀಟಿಗಳಿದ್ದವು, ಎಲ್ಲವೂ ಆ ಯುದ್ಧದ ವರ್ಷದ ಪತ್ರಿಕೆಗಳಿಂದ ತೆಗೆದವು. ‘ಪೀಸ್‌ನಿಕ್‌ಗಳನ್ನು ಒಂದು ದಿನ ಗಡಿಯಲ್ಲಿ ನಿಲ್ಲಿಸಿ’ ಅಂತ ಒಂದು. ‘ಪೀಸ್‌ನಿಕ್‌ಗಳ ಮನೆಯಲ್ಲಿ ಸೈನಿಕರು ಹುಟ್ಟುವುದಿಲ್ಲ’ ಅಂತ ಇನ್ನೊಂದು. ನಮ್ಮ ಮನೆಯಲ್ಲಿ ಇಬ್ಬರೂ ಹುಟ್ಟಿದ್ದರಲ್ಲ ಅಕ್ಕ. ಸಂಪಾದಕರು ಕಂಸದಲ್ಲಿ ‘ಹೀನಾರ್ಥ’ ಅಂತ ಹಾಕಿ ಮುಗಿಸಲು ಹೇಳಿದರು.

“ಸರ್, ಪ್ರೀತಿಯಿಂದಲೂ ಹಾಗೆ ಕರೀತಾರೆ,” ಅಂದೆ.

“ಯಾರಮ್ಮ ಕರೆಯೋದು?”

“ಮನೆಗಳಲ್ಲಿ.”

“ಮನೇಲಿ ನನ್ನ ಹೆಂಡತಿ ನನ್ನನ್ನ ಏನೇನೋ ಕರೀತಾಳೆ. ಅದನ್ನೆಲ್ಲ ಅಚ್ಚು ಹಾಕಿಸೋಕಾಗುತ್ತಾ? ಬರಹದಲ್ಲಿ ಇದ್ರೆ ತನ್ನಿ. ತಾರೀಕು ಇರಬೇಕು.”

ಪಕ್ಕದ ಮೇಜಿನ ಟೈಪಿಸ್ಟ್ ಬಾಯಿಗೆ ಸೆರಗು ಹಿಡಿದು ನಕ್ಕಳು. ನಮ್ಮಲ್ಲಿ ನಿಯಮವೇ ಹಾಗೆ. ಕಿವಿಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ನಾನು ಕೇಳಿದ್ದು ನಿನಗೂ ಕೇಳಿಸಿತ್ತು. ಶನಿವಾರ ಆಸ್ಪತ್ರೆಯ ಪಾಳಿ ಮುಗಿಸಿ, ನರ್ಸ್ ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡು ನೀನು ನಾಲ್ಕು ರಸ್ತೆ ಕೂಡುವಲ್ಲಿ ಫಲಕ ಹಿಡಿದು ಒಂದು ಗಂಟೆ ನಿಲ್ಲುತ್ತಿದ್ದೆ. ಐದಾರು ಜನ, ಘೋಷಣೆ ಇಲ್ಲ. ರಜೆಯ ಮೇಲೆ ಬಂದಿರುತ್ತಿದ್ದ ನಮ್ಮ ಕುಳ್ಳ (ತಮ್ಮ ನಮ್ಮೆಲ್ಲರಿಗಿಂತ ಉದ್ದ ಬೆಳೆದ ಮೇಲೂ ನೀನಿಟ್ಟ ಆ ಹೆಸರು ಹೋಗಲಿಲ್ಲ) ಬಾಗಿಲಲ್ಲೇ ಕೂಗುತ್ತಿದ್ದ, “ಪೀಸ್‌ನಿಕ್ ಬಂದ್ಲು, ಕಾಲಿಗೆ ಬಿಸಿನೀರು ಇಡ್ರೋ.”

“ನೀನು ಬಂದೂಕು ಕೆಳಗಿಡು, ನಾನು ಫಲಕ ಕೆಳಗಿಡ್ತೀನಿ,” ಅಂತ ನೀನು.

“ಆಮೇಲೆ ಇಬ್ಬರೂ ಮನೇಲಿ ಕೂತು ಏನು ಮಾಡೋಣ್ವೇ?” ಅಂತ ಅವನು.

ಆಮೇಲೆ ಅವನು ಗಡಿಗೆ ಹೋದ, ಪೆಟ್ಟಿಗೆಯಲ್ಲಿ ಬಂದ. ನೆಂಟರು, ನೆರೆಯವರು ಎಲ್ಲರ ಎದುರಿಗೆ ಅಪ್ಪ ನಿನಗೆ ಅಂದರು, “ನೀನು ಅವನ ವಿರುದ್ಧ ಬೀದೀಲಿ ನಿಂತೆ. ಆ ಕೊರಗಲ್ಲೇ ಹೋದ ನನ್ನ ಮಗ.” ಚಪ್ಪಲಿ ಮೆಟ್ಟಿ ಹೊರಟವಳು ನೀನು ಇಪ್ಪತ್ತೊಂದು ವರ್ಷ ಈ ಹೊಸ್ತಿಲು ತುಳಿದಿಲ್ಲ. ಮತ್ತೆಂದೂ ಫಲಕ ಹಿಡಿದಿಲ್ಲ ಅಂತಲೂ ಐದು ತಿಂಗಳ ಹಿಂದಿನ ಪತ್ರದಲ್ಲಿ ನೀನು ಬರೆದಿದ್ದೆ. ಆ ಪತ್ರದ ಕೊನೆಯಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. ‘ಅವನು ನಿಜವಾಗಿ ಕೊರಗಿದ್ದನೇನೇ? ನಿನಗೆ ಬರೆಯುತ್ತಿದ್ದನಲ್ಲ, ನಿನಗೆ ಗೊತ್ತಿರುತ್ತದೆ.’

ಐದು ತಿಂಗಳು ಹಿಡಿದದ್ದು ಆ ಪ್ರಶ್ನೆಗೆ.

ಶುಕ್ರವಾರ ಸಂಪಾದಕರ ಮುಂದೆ ಹನ್ನೆರಡನೆಯ ಚೀಟಿ ಇಟ್ಟೆ. ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. “ಇದು ಖಾಸಗಿ ಪತ್ರ,” ಅಂದರು. “ತಾರೀಕು ಇದೆ ಸರ್,” ಅಂದೆ. ಚೀಟಿಯನ್ನು ನನ್ನ ಕಡೆಗೆ ಸರಿಸಿ, “ಇದು ಯಾರಿಗೆ ಹೇಳಿದ ಮಾತೋ ಅವರ ಒಪ್ಪಿಗೆ ತಗೊಳ್ಳಿ,” ಅಂದರು. ಈ ಸಲ ಟೈಪಿಸ್ಟ್ ನಗಲಿಲ್ಲ.

ಒಪ್ಪಿಗೆ ಕೇಳುತ್ತಿದ್ದೇನೆ. ಕೊಡದಿದ್ದರೆ ‘ಹೀನಾರ್ಥ’ ಮಾತ್ರ ಉಳಿಯುತ್ತದೆ, ಉಳಿಯಲಿ. ಯಾವುದಕ್ಕೂ ಹಟ ಮಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಇಳಿಸಲು ಜಾಗ ಕಾಣದೆ ಏನನ್ನೋ ಇಷ್ಟು ವರ್ಷ ಕೈಯಲ್ಲೇ ಹಿಡಿದು ನಿಂತವಳ ಹಾಗೆ ತೋಳು ಸೋತಿದೆ.

ಕಾಲು ಬೆಚ್ಚಗಿಟ್ಟುಕೋ. ನಿನಗೆ ಒಳ್ಳೆಯದಾಗಲಿ ಅಂತ ಚಿಕ್ಕವಳಾದ ನಾನು ಹರಸಬಹುದೋ ಇಲ್ಲವೋ, ಹರಸುತ್ತಿದ್ದೇನೆ. ನೀನು ನನ್ನನ್ನು ಹರಸುವ ಮೊದಲು ಕೆಳಗಿನದನ್ನೂ ಓದು.

ನಿನ್ನ
ತಂಗಿ

ತಾ.ಕ.: ಜೊತೆಗಿರುವ ನೀಲಿ ಹಾಳೆ ಕುಳ್ಳನದು. ಚೀಟಿಗೆ ನಕಲು ಮಾಡಿಕೊಂಡಿದ್ದೇನೆ, ಇದು ಮೂಲ. ಹೋಗುವ ಮೊದಲು ಗಡಿಯಿಂದ ನನಗೆ ಬರೆದದ್ದು, ನೀನು ಮನೆ ಬಿಟ್ಟ ನಾಲ್ಕನೆಯ ದಿನ ಅಂಚೆಯಲ್ಲಿ ಬಂತು. ಅದರ ಕೊನೆಯ ಸಾಲು: ‘ನಮ್ಮ ಪೀಸ್‌ನಿಕ್‌ಗೆ ಹೇಳು, ಇದು ತಲುಪಿದ ವಾರದ ಶನಿವಾರ ಒಂದು ಗಂಟೆ ಹೆಚ್ಚಿಗೆ ನಿಲ್ಲಲಿ, ಅದು ನನ್ನ ಪಾಲಿನದು.’ ಅಪ್ಪನಿಗೆ ತೋರಿಸಿದರೆ ದೂರುವುದಕ್ಕೆ ಅವರಿಗೆ ಯಾರೂ ಉಳಿಯುವುದಿಲ್ಲ ಅಂತ ಮುಚ್ಚಿಟ್ಟೆ. ಹಾಗಂತ ನನಗೆ ನಾನೇ ಹೇಳಿಕೊಂಡೆ. ಆದರೆ ನಿನಗೆ ಯಾಕೆ ಕಳಿಸಲಿಲ್ಲ? ನನ್ನ ಹೆಸರಿಗೆ ಬರೆದ ಕೊನೆಯ ಪತ್ರದಲ್ಲೂ ಅವನು ವಿಚಾರಿಸಿದ್ದು ನಿನ್ನನ್ನೇ. ಇದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಸಿಗಲಿಲ್ಲ.

ನಿನ್ನೆ ಅಪ್ಪನಿಗೆ ಓದಿ ಹೇಳಿದೆ. ಹಾಳೆಯನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, “ಆ ಶನಿವಾರ ಅವಳು ನಿಂತಿದ್ಲಾ?” ಅಂತ ಕೇಳಿದರು.

“ಇಲ್ಲಪ್ಪ,” ಅಂದೆ. “ನಾನು ಹೇಳಲಿಲ್ಲ.”