ಹೋರಿ ಗುದ್ದಲಿಲ್ಲ

ಜನವರಿ 28
ಎರಡನೇ ಮೆದೆಯೂ ಮುಗಿಯಿತು. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ನನ್ನ ಹಾಗೆ ರಾಗಿಹುಲ್ಲು ಒಟ್ಟುವವನು ಇನ್ನೊಬ್ಬನಿಲ್ಲ. ನಾನೇ ಬರೆದಿಡಬೇಕು, ಬೇರೆ ಯಾರೂ ಹೇಳುವುದಿಲ್ಲ.

ಕವನಾ ವಿಡಿಯೋ ಕಾಲ್ ಮಾಡಿದ್ದಳು. ನನ್ನ ಅಕ್ಕ ಮಾಯಕ್ಕನ ಮಗಳು, ಹಾಸನದಲ್ಲಿ ಪಿ.ಟಿ. ಟೀಚರ್. ಈಗ ಕಾಶ್ಮೀರದಲ್ಲಿ ಸ್ಕೀ ಕಲಿಯುತ್ತಿದ್ದಾಳೆ — ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡ ಹತ್ತಿ ಜಾರುವುದು. ಹಿಮದಲ್ಲಿ ಎದೆಮಟ್ಟ ಗುಂಡಿ ತೋಡಿ ತೋರಿಸಿದಳು. ಪದರ ಪದರ. ಮೇಲೆ ಸಲಿಕೆ ಇಟ್ಟು ಕೈಯಲ್ಲಿ ತಟ್ಟುತ್ತಾರೆ, ಎಷ್ಟನೇ ಏಟಿಗೆ ಜಾರುತ್ತದೆ ಎಂದು ಎಣಿಸುತ್ತಾರೆ.

“ನೋಡು ಮಾವ, ಮೇಲಿಂದು ಗಟ್ಟಿ. ನಡುವೆ ಸಕ್ಕರೆ ಥರಾ ಉದುರ್ತೈತೆ. ಭಾರ ಬಿದ್ರೆ ಮೇಲಿಂದೆಲ್ಲಾ ಒಟ್ಟಿಗೇ ಜಾರ್ತದಂತೆ.”

“ಅಷ್ಟಕ್ಕೆ ಗುಂಡಿ ಯಾಕಮ್ಮಿ? ಮ್ಯಾಲತ್ತಿ ಮೂರ್ ಸಲ ತುಳಿ. ಅಲ್ಲಾಡ್ನಿಲ್ಲಾ ಅಂದ್ರೆ ಕಲ್ಲು ಕಣ. ನನ್ ಮೆದೆ ಯಾವತ್ತಾರಾ ಜಾರೈತಾ?”

ನಕ್ಕಳು. “ನೀನ್ ಹೇಳುದ್ಮೇಲೆ ಮುಗೀತು ಬಿಡು.”

ಜನವರಿ 31
ನನ್ನ ಮೆದೆಯೂ ಒಮ್ಮೆ ಜಾರಿದೆ. ಇಲ್ಲಿ ಬರೆದರೆ ಯಾರು ಓದುತ್ತಾರೆ.

ಕವನಾಳಿಗೆ ಆಗ ಒಂಬತ್ತು ವರ್ಷ. ಅಕಾಲದ ಮಳೆಗೆ ಮೆದೆಯ ತಲೆ ತೊಯ್ದಿತ್ತು. ತೆಗೆದು ಒಣಗಿಸಲು ಸೋಮಾರಿತನ. ಅದರ ಮೇಲೇ ಒಣಹುಲ್ಲು ಒಟ್ಟಿದೆ. ಹತ್ತಿ ಮೂರು ಸಲ ತುಳಿದೆ. ಅಲ್ಲಾಡಲಿಲ್ಲ. ನಾಲ್ಕನೇ ದಿನ ಅವಳು ಕೆಳಗೆ ಆಡುತ್ತಿದ್ದಾಗ ಮೇಲಿನ ಅರ್ಧ ಹಾಗೇ ಕಳಚಿ ಬಿತ್ತು. ಎಳೆದು ತೆಗೆದಾಗ ಮಗುವಿನ ಬಾಯಿ ತುಂಬ ಹುಲ್ಲು...

ಪಕ್ಕದ ಮನೆ ಪುಟ್ಟಸ್ವಾಮಿಯ ಹೋರಿ ಮೆದೆಗೆ ಗುದ್ದಿತು ಎಂದೆ. ಹೋರಿ ಸತ್ತರೂ ಕೆಟ್ಟ ಹೆಸರು ಹೋಗಿಲ್ಲ.

ಫೆಬ್ರವರಿ 1, ಬೆಳಿಗ್ಗೆ ಎಂಟು
ಕವನಾಳ ಮೆಸೇಜು. ಹೊಸ ಹಿಮ ಎರಡಡಿ ಬಿದ್ದಿದೆಯಂತೆ. ನಾಳೆ ದೊಡ್ಡ ಇಳಿಜಾರಂತೆ.

ಸಕ್ಕರೆಯ ಮೇಲೆ ಎರಡಡಿ ಭಾರ. ಮೂರು ಸಲ ತುಳಿ ಎಂದವನು ನಾನು. ಫೋನ್ ಮಾಡಿದೆ. ನಾಟ್ ರೀಚಬಲ್. ಆರು ಸಲ.

ಹನ್ನೊಂದು ಗಂಟೆ
ಅಕ್ಕ ಮಜ್ಜಿಗೆ ತಂದಳು. “ಯಾಕ್ಲಾ, ಮೊಕ ಅಂಗಾಗೈತೆ?”

“ಪಿತ್ತ ಕಣಕ್ಕ.”

“ಊರಿಗೆಲ್ಲಾ ಗಟ್ಟಿಗ ಅಂತ ಸಾರ್ತೀಯ, ನಿಂಗೂ ಪಿತ್ತವಾ?”

ಅವಳು ಹೋದ ಮೇಲೆ ವಾಯ್ಸ್ ಮೆಸೇಜು ಹಾಕಿದೆ. “ಕವನಾ, ಓರಿ ಗುದ್ನಿಲ್ಲ ಕಣವ್ವ. ಮೆದೆ ತಾನೇ ಜಾರ್ತು. ಮೂರ್ ಸಲ ತುಳ್ದಿದ್ದೆ, ಆದ್ರೂ ಜಾರ್ತು. ನನ್ ಮಾತ್ ನಂಬಬ್ಯಾಡ. ಗುಂಡಿ ತೋಡು.” ಕೊನೆಗೆ ಸೊರ್ರನೆ ಮೂಗೆಳೆದುಕೊಂಡೆ. ಅದೂ ರೆಕಾರ್ಡ್ ಆಗಿದೆ.

ಒಂದೇ ಟಿಕ್.

ಫೆಬ್ರವರಿ 2, ಏಳು
ಒಂದೇ ಟಿಕ್.

ಸುಮ್ಮನಿರಲಾಗದೆ ಹೊಸ ಮೆದೆಯೊಳಗೆ ತೋಳುಮಟ್ಟ ಕೈ ತೂರಿಸಿದೆ. ನಡುವೆ ತಣ್ಣಗೆ. ತೇವ. ಆ ದಿನ ಇಬ್ಬನಿ ಆರುವ ಮೊದಲೇ ಒಟ್ಟಿದ್ದೆ.

ಕೀಳಲು ಶುರು ಮಾಡಿದೆ. ಪುಟ್ಟಸ್ವಾಮಿ ಬೇಲಿಯಾಚೆ ನಿಂತ. “ಏನ್ಲಾ, ಒಟ್ಟಿದ್ ಮೆದೇನೇ ಕೀಳ್ತಿದ್ದೀಯ?”

ಒದ್ದೆ ಕಂತೆಯನ್ನು ಅವನಿಗೆ ಕಾಣುವ ಹಾಗೇ ಹರಡಿದೆ. ಜೀವನದಲ್ಲಿ ಮೊದಲ ಸಲ.

ಹತ್ತೂ ಇಪ್ಪತ್ತು
ಎರಡು ಟಿಕ್. ನೀಲಿ.

“ಗೊತ್ತಿತ್ತು ಮಾವ. ಅವತ್ತು ನನ್ ಬಾಯಲ್ಲಿದ್ದಿದ್ದು ಒದ್ದೆ ಹುಲ್ಲು. ನಿನ್ ವಾಯ್ಸ್ ಬರೋಕ್ ಮುಂಚೇನೇ ಗುಂಡಿ ತೋಡಿದ್ದೆ. ಹನ್ನೆರಡ್ನೇ ಏಟಿಗೇ ಜಾರ್ತು. ವಾಪಸ್ ಇಳಿದ್ವಿ. ಎಲ್ರೂ ಕ್ಷೇಮ. ನಿನ್ ವಾಯ್ಸು ಅಮ್ಮಂಗೂ ಕಳ್ಸಿದ್ದೀನಿ.”

ಮೂರು ಸಲ ಓದಿದೆ. ಕಣ್ಣಲ್ಲಿ ನೀರು — ಹುಲ್ಲಿನ ಧೂಳು.

ಕೊನೆಯ ಸಾಲು ಈಗ ಸರಿಯಾಗಿ ಓದಿದೆ.

ಗೇಟು ಸದ್ದಾಯಿತು. ಅಕ್ಕ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೊರಕೆ —