ಕುರಿಗಳ ಸಂಜೆ, ನಮ್ಮ ಸಂಜೆ

೧೦ ಅಕ್ಟೋಬರ್ ೧೯೩೮, ಸೋಮವಾರ. ನೂಲ

ಹಿಂಡುವುದು ಮುಗಿಯಿತು. ಕರಿ ಎಮ್ಮೆ ಸೊಸೆಯನ್ನು ಇಂದೂ ಒದೆಯಿತು, ಚೆಂಬು ಉರುಳಿತು. ನಾನು ಕೂತ ಮೇಲೆ ಕಲ್ಲಿನಂತೆ ನಿಂತಿತು. ಎಮ್ಮೆಗೆ ಅಂಜಿಕೆ ತೋರಿಸಬಾರದು ಎಂದು ರತ್ನಮಾಲಾಳಿಗೆ ಹೇಳಿದೆ.

"ನಾ ಅಂಜೂದಲ್ರಿ ಅತ್ತಿ, ಅದು ನಿಮಗ ಅಂಜತೈತಿ. ಮನ್ಯಾಗಿನ ಮಂದಿ ಎಲ್ಲಾ ಅಂಜಿಧಂಗ" ಎಂದಳು.

ನಗು ಬಂತು. ತೋರಿಸಲಿಲ್ಲ.

ದಸರೆಗೆ ಮಳೆ ನಿಂತಿದೆ. ಬದುವಿನ ಹುಲ್ಲು ಸೊಂಟದ ಮಟ್ಟ. ಇಬ್ಬನಿ ಆರಿದ ಮೇಲೆಯೇ ದನ ಬಿಡಬೇಕು. ಹಳ್ಳದ ದಂಡೆಯ ಹುಲ್ಲು ಯಾರೂ ಮುಟ್ಟಬಾರದು — ಅದು ಬಣವೆಗೆ. ಬಾಳಗೊಂಡನಿಗೆ ದಿನಾ ಹೇಳುತ್ತೇನೆ. ಮಗ ದಿನಾ ತಲೆಯಾಡಿಸುತ್ತಾನೆ.

ಮನೆಯ ಹಿಂದಿನ ಹೊಲದಲ್ಲಿ ಶೇಂಗಾ ಕಿತ್ತಾಯಿತು. ಕಾಯಿ ಸಣ್ಣ. ನೆಲಕ್ಕೆ ಕಸುವಿಲ್ಲ. ಬದುವಿನ ಆಚೆ, ಪಾಲಾದಾಗ ಮೈದುನನ ಕಡೆಗೆ ಹೋದ ಹೊಲ. ಅದೇ ಮಣ್ಣು, ಅದೇ ಮಳೆ. ಅಲ್ಲಿ ನನ್ನ ನೆಗೆಣ್ಣಿ ಚಂಪಾಬಾಯಿಯ ಬೆಳೆ ಆಳೆತ್ತರ. ಹಸಿ ಮೇವಿಗೆಂದು ಜೋಳ ಕೊಯ್ದಳು, ಬುಡದಿಂದ ಮತ್ತೆ ಮೊಣಕಾಲುದ್ದ ಚಿಗುರಿದೆ. (ಆ ಕೂಳೆಯ ಕಡೆ ನಮ್ಮ ಕರು ಹೋಗದಂತೆ ನೋಡಬೇಕು. ಎಳೆ ಚಿಗುರು ವಿಷ. ತಿಂದ ದನ ಏಳುವುದಿಲ್ಲ.)

ಅವಳ ನೆಲದ ಕಸುವಿಗೆ ಕಾರಣ ಊರಿಗೆಲ್ಲ ಗೊತ್ತು. ದೀಪಾವಳಿಯ ಸುಮಾರಿಗೆ ಮೂಡಲ ಸೀಮೆಯಿಂದ ಧನಗರ ಮಲ್ಲಾರಿಯ ಕುರಿ ಬರುತ್ತವೆ. ವರ್ಷ ವರ್ಷ ಅವಳ ಹೊಲದಲ್ಲೇ ತರುಬುತ್ತವೆ. ನಾಲ್ಕಾರು ರಾತ್ರಿ ಕುರಿ ಮಲಗಿ ಹಿಕ್ಕೆ ಹಾಕಿ ಎದ್ದ ನೆಲ ಎರಡು ಬೆಳೆಗೆ ಉಣಿಸುತ್ತದೆ.

ಈ ವರ್ಷ ಆ ಕುರಿ ನನ್ನ ಹೊಲದಲ್ಲಿ ಮಲಗಬೇಕು.

ಬೆಳಕು ಹೋಗುತ್ತಿದೆ. ದೀಪಕ್ಕೆ ಹುಳ ಬೀಳುತ್ತವೆ, ದೀಪ ಹಚ್ಚಿ ಬರೆಯುವ ಮಾತಿಲ್ಲ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂಬ ನಮ್ಮ ಬಸದಿಯ ನೇಮವೇ ಬರೆಯುವುದಕ್ಕೂ.

೧೩ ಗುರುವಾರ

ಬಾಳಗೊಂಡನನ್ನು ಸಂಕೇಶ್ವರದ ದಾರಿಗೆ ಕಳಿಸಿದೆ. ವೀಳ್ಯದೆಲೆ, ಅಡಿಕೆ, ಒಂದು ಅಚ್ಚು ಬೆಲ್ಲ. ಮಲ್ಲಾರಿ ಊರು ಮುಟ್ಟುವ ಮೊದಲೇ ಅವನ ಮಾತು ತೆಗೆದುಕೊಂಡು ಬಾ ಎಂದೆ.

"ಅವ್ವಾ, ಚಂಪಾ ಕಾಕೂಗ ಗೊತ್ತಾದ್ರ?"

"ಗೊತ್ತಾಗಲಿ ಅಂತನ ಹಾಡಹಗಲ ಕಳಸಾಕತ್ತೇನಿ."

೧೫ ಶನಿವಾರ

ಮಗ ಬಂದ. ಮಲ್ಲಾರಿ ಒಪ್ಪಿದ್ದಾನೆ.

"ಮತ್ತೇನಂದ?"

"ಏನಿಲ್ಲ. ಸಂಜಿಮುಂದ ಬಿಸಿ ಊಟ ಹಾಕ್ರಿ, ಅಷ್ಟ ಸಾಕು ಅಂದ."

ಅದೇನು ದೊಡ್ಡ ಮಾತು. ಈ ಮನೆಯಿಂದ ಯಾರೂ ಹಸಿದು ಹೋಗಿಲ್ಲ.

ಚಂಪಾಬಾಯಿಗೆ ಸುದ್ದಿ ಮುಟ್ಟಿರಬೇಕು. ಬಸದಿಯಲ್ಲಿ ಎದುರಾದಳು, ನಕ್ಕಳು. ಸೋತವರು ಹಾಗೆ ನಗುವುದಿಲ್ಲ. ಏನಿರಬಹುದು...

೨೧ ಶುಕ್ರವಾರ, ಬೆಳಿಗ್ಗೆ

ಕುರಿ ಬಂದವು. ನಿನ್ನೆ. ಮೊದಲು ಧೂಳು, ಆಮೇಲೆ ಗಂಟೆ, ಆಮೇಲೆ ಹೊಲ ತುಂಬ ಕರಿಯ ಬೆನ್ನುಗಳು. ಶೇಂಗಾ ಬಳ್ಳಿಯ ಮೇಲೆ ಬಿದ್ದು ಕರಕರ ತಿಂದವು. ಆ ಸಪ್ಪಳ ಕೇಳುತ್ತ ಹಿತ್ತಿಲ ಬಾಗಿಲಲ್ಲಿ ನಿಂತೇ ಇದ್ದೆ. ಸೊಸೆ ಎರಡು ಸಲ ಕರೆದಳಂತೆ.

ಆಮೇಲಿನದು ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು — ಹೊತ್ತು ಒಂದು ಗೇಣು ಇರುವಾಗಲೇ ಎಲ್ಲ ತಯಾರು. ಕಾದೆವು. ಬರಲಿಲ್ಲ. ನಮ್ಮ ಊಟ ಮುಗಿಯಿತು. ಹೊತ್ತು ಮುಳುಗಿತು, ಒಲೆಗೆ ಬೂದಿ ಮುಚ್ಚಿದೆವು. ಚುಕ್ಕಿ ಮೂಡಿದ ಮೇಲೆ ಮಲ್ಲಾರಿ, ಅವನ ಹೆಂಡತಿ ಕೈಕಾಲು ತೊಳೆದು ಕಟ್ಟೆಗೆ ಬಂದು ಕೂತರು.

"ಸಂಜಿಮುಂದ ಬಾ ಅಂದಿದ್ದೆ" ಎಂದೆ.

"ಸಂಜಿಮುಂದ ಬಂದೇವಲ್ರಿ ಬಾಯಾರ" ಎಂದ ಮಲ್ಲಾರಿ.

"ಇದು ಸಂಜಿ ಅಲ್ಲ. ರಾತ್ರಿ."

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಕುರಿ ಹಟ್ಟಿಗೆ ಬರಬೇಕು, ಮರಿ ತಮ್ಮ ತಮ್ಮ ತಾಯಿನ ಕೂಡಬೇಕು. ಅದಾದ ಮ್ಯಾಲ ನಮಗ ಸಂಜಿರಿ. ಸೂರ್ಯಾಗ ಏನ ಕೇಳೂದೈತಿ?"

"ನಮ್ಮನ್ಯಾಗ ಅವನ್ನ ಕೇಳೇ ಒಲಿ ಹಚ್ಚತೇವಿ, ಅವನ್ನ ಕೇಳೇ ಆರಸತೇವಿ."

ತಣ್ಣಗಾದ ರೊಟ್ಟಿ ಬಡಿಸಿದೆ. ಅವನ ಹೆಂಡತಿ ಯಮುನವ್ವ ಒಂದನ್ನು ಎತ್ತಿ ಬೆರಳಿನಿಂದ ಬಡಿದಳು. "ಹಲಗಿ ಬಾರಿಸಿಧಂಗ ಆಗತೈತ್ರಿ. ಕುಣಿಯೂದ, ಉಣ್ಣೂದ?" ಎಂದಳು. ಉಡಿಯಿಂದ ಉಳ್ಳಾಗಡ್ಡಿ ತೆಗೆದಳು. ನಮ್ಮ ಕಟ್ಟೆಯ ಮೇಲೆ ಇಟ್ಟು ಗುದ್ದಿ ಒಡೆದಳು. ನಾವು ಗಡ್ಡೆ ತಿನ್ನುವವರಲ್ಲ; ಈ ಮನೆಗೆ ಉಳ್ಳಾಗಡ್ಡಿ ಬಂದದ್ದು ಅದೇ ಮೊದಲು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಹೋಗುವಾಗ ಮಲ್ಲಾರಿ ಮರ್ಯಾದೆಯಿಂದಲೇ ಹೇಳಿದ. "ಸಿಟ್ಟಾಗಬ್ಯಾಡ್ರಿ ಬಾಯಾರ. ದಿನಾ ಬಿಸಲಾಗ ತಿರಗತೇವಿ, ಒಂದ ಹೊತ್ತರ ಬಿಸೀದು ಹೊಟ್ಟಿಗಿ ಬೇಕು. ನಾಳಿ ಒಂದಿನ ನೋಡತೇನಿ. ಆಗಲಿಲ್ಲಂದ್ರ ಬದು ದಾಟತೇನಿ. ಅಲ್ಲಿ ಚಂಪಾಬಾಯಾರ ಬಿಸಿ ಊಟಾನ ಹಾಕತಾರ."

ಬಿಸಿ ಊಟ. ಹಾಗಾದರೆ ಚಂಪಾಬಾಯಿ ಕತ್ತಲಲ್ಲಿ ಒಲೆ ಹಚ್ಚುತ್ತಾಳೆ. ಅತ್ತೆ ಮಾವ ನಡೆಸಿಕೊಂಡು ಬಂದ ನೇಮ ಗೊಬ್ಬರಕ್ಕಾಗಿ ಮುರಿದಿದ್ದಾಳೆ. ಇನ್ನೊಬ್ಬರ ತಪ್ಪಿಗೆ ಸಂತೋಷಪಡಬಾರದು. ಸ್ವಲ್ಪ ಆಯಿತು.

ಅದೇ ದಿನ, ಮಧ್ಯಾಹ್ನ

ಅವಳ ಜರಡಿ ನಮ್ಮಲ್ಲೇ ಉಳಿದಿತ್ತು. ಕೊಡಲು ನಾನೇ ಹೋದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನೇರ ಕೇಳಿದೆ.

"ಕತ್ತಲ್ಯಾಗ ಒಲಿ? ಏನ ಮಾತಂತ ಆಡತಿ ಅಕ್ಕಾ" ಎಂದಳು ಚಂಪಾಬಾಯಿ. "ಅವರಿಬ್ಬರೂ ಬೆಳಕ ಇರೂಮಟಾನ ಬಂದು ಬಿಸಿ ಬಿಸಿ ಉಂಡ ಹೋಗತಾರ."

"ಮತ್ತ ಕುರಿ? ಅಷ್ಟೊತ್ತು ಕುರಿ ಯಾರ ನೋಡತಾರ?"

ಸೆರಗು ಸರಿಮಾಡಿಕೊಂಡಳು. "ಗುಂಡೂನ ಅಪ್ಪ ಹೋಗಿ ನಿಂದರತಾರ. ಕೋಲ ಹಿಡಕೊಂಡು."

ಜಿನಗೊಂಡ. ನನ್ನ ಮೈದುನ. ಪಂಚರಲ್ಲಿ ಕೂರುವವನು. ಕೋಲು ಹಿಡಿದು ಕುರಿ ಕಾದನೇ?

"ಗೊಬ್ಬರ ಬೇಕಂದ್ರ ಕೋಲ ಹಿಡೀಬೇಕಕ್ಕಾ. ನಿಮ್ಮನ್ಯಾಗ ಯಾರ ಹಿಡೀತಾರ — ನೀ?"

ಜರಡಿ ಅಲ್ಲೇ ಇಟ್ಟು ಬಂದೆ.

ಬಾಳಗೊಂಡ ಹಬ್ಬದ ಸಾಮಾನಿಗೆ ಗಡಹಿಂಗ್ಲಜಕ್ಕೆ ಹೋಗಿದ್ದಾನೆ. ಆಳುಗಳು ಹಬ್ಬಕ್ಕೆ ತಮ್ಮ ಊರಿಗೆ. ಯಜಮಾನರು ತೀರಿಕೊಂಡು ವರ್ಷಗಳಾದವು. ಸೊಸೆ ಹೆಂಚಿನ ಮುಂದೆ ಇರಲೇಬೇಕು, ಇಲ್ಲವಾದರೆ ರೊಟ್ಟಿ ಬಿಸಿ ಹೇಗಾಗುತ್ತದೆ. ಇನ್ನು ಉಳಿದವರು ಯಾರು.

ಕೊಲ್ಲಾಪುರದ ಹೈಸ್ಕೂಲಿನಲ್ಲಿ ನಾಲ್ಕು ಇಂಗ್ಲಿಷ್ ಪುಸ್ತಕ ಓದಿದವಳು ನಾನು. ಮಾವ ಇದ್ದಿದ್ದರೆ...

ಇರಲಿ. ಹೊತ್ತು ವಾಲುತ್ತಿದೆ.

೨೨ ಶನಿವಾರ, ನಸುಕು

ಇನ್ನೂ ಹೊತ್ತು ಮೂಡಿಲ್ಲ. ನಿನ್ನೆ ಮಧ್ಯಾಹ್ನದಿಂದ ಬಾಯಿಗೆ ಒಂದು ಗುಟುಕು ನೀರೂ ಹೋಗಿಲ್ಲ. ಹೊಟ್ಟೆ ಗುರುಗುಟ್ಟುತ್ತಿದೆ. ನಗು ತಡೆಯಲಾಗುತ್ತಿಲ್ಲ. ಅಕ್ಷರ ಸೊಟ್ಟ ಬಂದರೆ ಬರಲಿ.

ಹೊಲಕ್ಕೆ ಹೋಗಿ "ಕೋಲ ಕೊಡು" ಎಂದೆ.

ಮಲ್ಲಾರಿ ನನ್ನ ಹಿಂದೆ ನೋಡಿದ, ಇನ್ನು ಯಾರಾದರೂ ಬರುತ್ತಿದ್ದಾರೆಯೇ ಎಂದು. ಯಾರೂ ಇರಲಿಲ್ಲ.

"ನೀವರೀ ಬಾಯಾರ?"

"ಯಾಕ, ನನಗ ಕೈ ಇಲ್ಲೇನು? ಹೋಗ್ರಿ, ರೊಟ್ಟಿ ಹೆಂಚಿನ ಮ್ಯಾಲ ಅದಾವು. ಹೊತ್ತು ಮುಳಗೂದರಾಗ ಉಂಡು ಏಳಬೇಕು."

"ಬರೇ ಕೋಲಿಗಿ ಕೇಳಂಗಿಲ್ರಿ ಅವು" ಎಂದು ಯಮುನವ್ವ ಗಂಡನ ಕಂಬಳಿ ತೆಗೆದು ನನ್ನ ಹೆಗಲಿಗೆ ಹಾಕಿದಳು. ಹೊಗೆ, ಹಾಲು, ಹಳೆಯ ಮಳೆ — ಎಲ್ಲ ವಾಸನೆ ಅದರಲ್ಲಿತ್ತು. "ಹುರ್ರ್ಯಾ ಅನ್ರಿ. ಹೊಟ್ಯಾಗಿಂದ ಅನ್ರಿ. ಆ ಬದುವಿನ ಆಚಿ ಜ್ವಾಳದ ಕೂಳಿ ಐತಿ, ಅತ್ತಾಗ ಮಾತ್ರ..."

"ಅದು ನನಗ ಗೊತ್ತೈತಿ. ನಡೀರಿ."

ಹೋದರು. ರೊಟ್ಟಿಯ ವಾಸನೆ ಹಿಡಿದು ಅವರ ನಾಯಿಯೂ ಹೋಯಿತು.

ನಿಂತೆ. ಬಿಸಿಲು ಕೆಂಪಗಿತ್ತು. ಊರಿನ ಅರ್ಧ ಮಂದಿ ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾರೆ. ಕುರಿಗಳೂ ತಗ್ಗಿಸಿದ್ದವು, ಬಳ್ಳಿ ತಿನ್ನುವುದಕ್ಕೆ. ಒಂದು ಮರಿ ಬಂದು ನನ್ನ ಸೆರಗಿನ ತುದಿ ಚೀಪತೊಡಗಿತು. ಬೈಯಲಿಲ್ಲ. ಇಷ್ಟೇ ತಾನೇ ಕುರಿ ಕಾಯುವುದೆಂದರೆ ಎಂದುಕೊಂಡೆ.

ಆಗ ಆಡು ತಲೆಯೆತ್ತಿತು. ಹಿಂಡಿನಲ್ಲಿ ಒಂದೇ ಒಂದು ಬಿಳಿ ಆಡು. ಗಾಳಿಗೆ ಮೂಗು ಹಿಡಿದು ನೋಡಿತು. ಬದುವಿನ ಕಡೆ ನಡೆಯಿತು. ಅದರ ಹಿಂದೆ ಒಂದು ಕುರಿ, ಆಮೇಲೆ ಇನ್ನೊಂದು, ಆಮೇಲೆ ಹೊಲವೇ ಎದ್ದು ನಡೆದಂತೆ.

"ನಿಲ್ಲು" ಎಂದೆ. ನಾನು ನಿಲ್ಲು ಅಂದರೆ ಬಾಳಗೊಂಡ ನಿಲ್ಲುತ್ತಾನೆ. ಊರ ಕುಲಕರ್ಣಿ ನಿಲ್ಲುತ್ತಾನೆ. ಆಡು ನಿಲ್ಲಲಿಲ್ಲ.

ಓಡಿದೆ. ಮದುವೆಯಾದ ಮೇಲೆ ಓಡಿದ ನೆನಪಿಲ್ಲ. ಕಂಬಳಿ ಕಾಲಿಗೆ ಸಿಕ್ಕಿತು. ಹುರ್ರ್ಯಾ ಎಂದರೆ ಹೊಟ್ಟೆಯಿಂದ ಬರಲಿಲ್ಲ, ಮೂಗಿನಿಂದ ಬಂತು. ಬದುವಿನ ಆಚೆ ಆ ಹಸುರು ಚಿಗುರು ಮಿಂಚುತ್ತಿತ್ತು. ನೆಲ, ಗೊಬ್ಬರ, ನೆಗೆಣ್ಣಿ, ಎಲ್ಲ ಮರೆತುಹೋಯಿತು. ಅಷ್ಟು ಜೀವ. ನನ್ನ ಕೈಗೆ ಕೊಟ್ಟು ಹೋಗಿದ್ದಾರೆ.

"ಚಂಪಾ!" ಎಂದು ಕೂಗಿದೆ. ಪಾಲಾದ ದಿನದಿಂದ ಅವಳನ್ನು ಚಂಪಾಬಾಯಿ ಎಂದೇ ಕರೆದಿದ್ದೇನೆ. ನಿನ್ನೆ ಬಾಯಿ ಎನ್ನಲು ಪುರಸತ್ತಿರಲಿಲ್ಲ.

ಬಂದಳು. ಉಣ್ಣಲು ಕೂತವಳು ತಾಟು ಬಿಟ್ಟು, ಕೈಯಲ್ಲಿ ರೊಟ್ಟಿ ಹಿಡಿದೇ ಬಂದಳು. ಸೀರೆ ಎತ್ತಿ ಸಿಕ್ಕಿಸಿ ಬದು ಹತ್ತಿದಳು. ಸೆರಗು ಗೋಡೆಯಂತೆ ಬಿಡಿಸಿ ಹಿಡಿದು ಒಂದು ಕೂಗು ಹಾಕಿದಳು — ಹುರ್ರ್ಯಾ! ಅಪ್ಪಟ ಧನಗರರ ಕೂಗು. ಆಡು ನಿಂತಿತು. ಕುರಿ ನಿಂತವು. ನಾನೂ ನಿಂತೆ.

ಒಂದು ಬಾಯಿಯೂ ಕೂಳೆಗೆ ತಾಗಲಿಲ್ಲ.

ಹಿಂಡನ್ನು ಇಬ್ಬರೂ ಹಿಂದಕ್ಕೆ ನಡೆಸಿದೆವು. ಉಸಿರು ಬಂದ ಮೇಲೆ ಕೇಳಿದೆ. "ಈ ಕೂಗು ನಿನಗ ಯಾರ ಕಲಿಸಿದ್ರು?"

ನೆಲ ನೋಡಿದಳು. "ಗುಂಡೂನ ಅಪ್ಪ ಎಲ್ಲಿ ಕುರಿ ಕಾಯತಾರಕ್ಕಾ. ರೊಟ್ಟಿ ಬಡದು ಒಲಿ ಮ್ಯಾಲ ಮುಚ್ಚಿಟ್ಟು ಕಾಯೂದು ನಾನ. ನಿನಗ ಹೇಳಿದ್ರ ಬೈತಿ ಅಂತ ಅವರ ಹೆಸರ ಹೇಳೇನಿ."

"ಬೈತಿದ್ದೆ" ಎಂದೆ.

"ಈಗ?"

ನನ್ನ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬೈತಲೆಯಲ್ಲಿ ಶೇಂಗಾ ಎಲೆ. ಏನು ಬೈಯಲಿ. ಮೊದಲು ಯಾರು ನಕ್ಕರೋ ತಿಳಿಯದು. ಅವಳು ಮದುವೆಯಾಗಿ ಬಂದ ವರ್ಷ ಅಟ್ಟದ ಮೇಲೆ ಕೂತು ಅತ್ತೆಯ ಹುಣಸೆಹಣ್ಣು ಕದ್ದು ತಿಂದಾಗ ಹೀಗೆ ನಕ್ಕಿದ್ದೆವು.

ತಲೆಯೆತ್ತಿದರೆ ಸೂರ್ಯನಿಲ್ಲ. ಅವಳ ಕೈಯಲ್ಲಿ ರೊಟ್ಟಿ ಹಾಗೆಯೇ ಇತ್ತು. ನೋಡಿದಳು. ನಾನೂ ನೋಡಿದೆ. ಆಡಿಗೆ ಕೊಟ್ಟಳು.

ಮಲ್ಲಾರಿ, ಯಮುನವ್ವ ತೇಗುತ್ತ ಬಂದರು. "ಎಂಥಾ ಛಲೋ ಬಿಸಿ ರೊಟ್ಟಿರಿ ಬಾಯಾರ. ನಿಮ್ಮದ ಊಟ ಆತೇನ್ರಿ?" ಎಂದ ಅವನು.

ನಾವಿಬ್ಬರೂ ಆಡಿನ ಕಡೆ ನೋಡಿದೆವು.

"ಸಂಜಿ ಆತಲ್ರಿ, ಹೋಗಿ ಉಣ್ರಿ" ಎಂದಳು ಯಮುನವ್ವ.

"ನಿಮ್ಮ ಸಂಜಿ ಬಂತವ್ವಾ, ನಮ್ಮ ಸಂಜಿ ಹೋತು" ಎಂದಳು ಚಂಪಾ. ಮತ್ತೆ ನಗು.

ಆಡಿನ ಸಂಗತಿ ನಾನೇ ಹೇಳಿದೆ, ಮುಚ್ಚಿಡಲಿಲ್ಲ. ಮಲ್ಲಾರಿ ಆಡಿನ ಕಿವಿ ಹಿಂಡಿದ. "ಇದು ನನ್ನ ಮಾತೂ ಕೇಳಂಗಿಲ್ರಿ. ಆದ್ರ ಹಿಂದ ಓಡಿದ್ರಲ್ಲಾ, ಅದ ಕುರಿ ಕಾಯೂದು" ಎಂದ. ಬದು ದಾಟುವ ಮಾತು ಮತ್ತೆ ಎತ್ತಲಿಲ್ಲ. ಹಬ್ಬ ಮುಗಿಯುವ ತನಕ ನನ್ನ ಹೊಲದಲ್ಲಿ, ಆಮೇಲೆ ಚಂಪಾಳ ಹೊಲದಲ್ಲಿ. ನಾವಿಬ್ಬರೇ ಅಲ್ಲೇ ನಿಂತು ಮುಗಿಸಿದೆವು. ಗಂಡಸರನ್ನು ಕೇಳಲಿಲ್ಲ.

ಬಾಳಗೊಂಡ ಗಾಡಿ ಇಳಿದವನು ನನ್ನನ್ನು ನೋಡಿ ಚೀಲ ಕೈಬಿಟ್ಟ. "ಅವ್ವಾ?"

"ಏನ ನೋಡತಿ? ಕಂಬಳಿ ನೋಡಿಲ್ಲೇನು?"

ಹೊತ್ತು ಮೂಡಿತು. ಸೊಸೆ ಹಾಲು ಕಾಯಿಸುವ ವಾಸನೆ. ಇಷ್ಟು ಒಳ್ಳೆಯ ಹಸಿವು ಯಾವ ಉಪವಾಸದಲ್ಲೂ ಆಗಿರಲಿಲ್ಲ.

೨೩ ರವಿವಾರ

ಬಸದಿಯಲ್ಲಿ ದೀಪಾವಳಿಯ ನಿರ್ವಾಣ ಪೂಜೆಗೆ ಲಾಡು ಏರಿಸಿದೆವು. ಚಂಪಾ ನನ್ನ ಪಕ್ಕದಲ್ಲೇ ನಿಂತಳು. ತಲೆಗೆ ಎರಡು ಸಲ ಎರೆದುಕೊಂಡರೂ ಕಂಬಳಿಯ ವಾಸನೆ ಹೋಗಿಲ್ಲ. ಮುಂದೆ ನಿಂತವರು ತಿರುಗಿ ತಿರುಗಿ ನೋಡಿದರು. ನಾನು ನೆಟ್ಟಗೆ ನಿಂತೆ.

೨೪ ಸೋಮವಾರ, ಪಾಡ್ಯ

ಎಮ್ಮೆಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿದೆವು. ಹಿಂಡಲು ಕೂತರೆ ಕರಿ ಎಮ್ಮೆ ನನ್ನನ್ನು ಮೂಸಿತು. ಒದೆಯಿತು. ನನ್ನನ್ನು! ಚೆಂಬು ಉರುಳಿತು.

"ಕುರಿ ವಾಸನಿಗಿರಿ ಅತ್ತಿ" ಎಂದು ರತ್ನಮಾಲಾ ಕೂತಳು. ಕಲ್ಲಿನಂತೆ ನಿಂತಿತು. ಚೆಂಬು ತುಂಬ ನೊರೆ.

ಇನ್ನು ಮೇಲೆ ಅವಳೇ ಹಿಂಡಲಿ. ನನಗೆ ಸಂಜೆ ಬೇರೆ ಕೆಲಸವಿದೆ.

೨೭ ಗುರುವಾರ, ಸಂಜೆ — ನಮ್ಮ ಸಂಜೆ

ಮಧ್ಯಾಹ್ನ ಕುರಿ ಬದು ದಾಟಿದವು. ಕೂಳೆಯನ್ನು ಚಂಪಾ ನಿನ್ನೆಯೇ ಬುಡಸಮೇತ ಕೀಳಿಸಿದ್ದಾಳೆ. ನನ್ನ ಹೊಲದಲ್ಲಿ ಹಿಕ್ಕೆ ಹಾಸಿದಂತಿದೆ. ಬರಿಗಾಲಿನಲ್ಲಿ ಒಂದು ಸುತ್ತು ಹಾಕಿ ಬಂದೆ. ಬೆಚ್ಚಗಿದೆ. ನಾಳೆ ನೇಗಿಲು.

ಇಂದು ಅವರ ಊಟ ಚಂಪಾಳ ಮನೆಯಲ್ಲಿ. ಮುಚ್ಚಿಟ್ಟು ಓಡುವುದು ಬೇಡ, ಅವಳು ಹೆಂಚಿನ ಮುಂದೆಯೇ ಕೂರಲಿ. ಜಿನಗೊಂಡನಿಗೆ ಕೋಲು ಹಿಡಿಯಲು ನಾಚಿಕೆಯಂತೆ. ಗಂಡಸರ ನಾಚಿಕೆ.

ನಾನು ಬೇಗ ಉಂಡಿದ್ದೇನೆ. ಹುರ್ರ್ಯಾ ಈಗ ಹೊಟ್ಟೆಯಿಂದಲೇ ಬರುತ್ತದೆ, ಹಿತ್ತಿಲಲ್ಲಿ ಕೂಗಿ ನೋಡಿದೆ. ಓಣಿಯ ಕೋಳಿ ಕೂಡ ಓಡಿದವು. ಹೊತ್ತು ಇನ್ನೂ ಒಂದು ಗೇಣು ಇದೆ. ಬದುವಿನ ಆಚೆಯಿಂದ ಅಕ್ಕಾ, ಅಕ್ಕಾ ಎಂದು ಕೂಗುತ್ತಿದ್ದಾಳೆ. ಆಡು ಆಗಲೇ ತಲೆಯೆತ್ತಿರಬೇಕು. ಕಂಬಳಿ ಇಲ್ಲೇ ಇದೆ, ಕೋಲು ಎಲ್ಲಿ ಇಟ್ಟೆ —