ನೀವು ಬರೆಯದೆ ಬಿಟ್ಟ ಗಾಳಿ

ತಾರೀಫಾ, ಸ್ಪೇನಿನ ದಕ್ಷಿಣ ತುದಿ
ಸೆಪ್ಟೆಂಬರ್ 38, 2231

ಪೂಜ್ಯ ಕಾತ್ಯಾಯಿನಿ ಅಜ್ಜಿಯವರಿಗೆ, ನಿಮ್ಮ ಏಳನೇ ತಲೆಮಾರಿನ ಶರಾವತಿ ಮೊರೇನೊ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಬಿಸಿಲು ಇಳಿಯದೆ ತಿಂಗಳು ಮುಗಿಯಬಾರದೆಂದು ನಮ್ಮ ಸರ್ಕಾರ ಸೆಪ್ಟೆಂಬರನ್ನು ನಲವತ್ತೊಂದು ದಿನಕ್ಕೆ ಎಳೆದಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಕಲಿತದ್ದು ನಿಮ್ಮ ನೋಟ್‌ಬುಕ್ಕಿನಿಂದಲೇ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಉಳಿದದ್ದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ದಾರಿಗಾರ್ತಿ. ಅಂದರೆ, ಹಿರಿಯರಿಲ್ಲದ ಕೊಕ್ಕರೆ ಮರಿಗಳಿಗೆ ಕಡಲಾಚೆಯ ಆಫ್ರಿಕಾದ ದಾರಿ ತೋರಿಸುವವಳು. ಬೆಳಿಗ್ಗೆ ಬಿಳಿ ನಿಲುವಂಗಿ ತೊಟ್ಟು ಮರಿಗಳಿಗೆ ಮಿಡತೆ ತಿನ್ನಿಸುತ್ತೇನೆ. ಆಮೇಲೆ ಗಾಳಿತೊಟ್ಟಿಲು ಹತ್ತುತ್ತೇನೆ. ಅದು ಒಬ್ಬರೇ ಕೂರುವ ಹಗುರ ಹಾರುಯಂತ್ರ. ಅದರ ಹಿಂದೆ ಮರಿಗಳು ಹಾರಿ ಬರುತ್ತವೆ, ನನ್ನನ್ನೇ ತಾಯಿಯೆಂದು ನಂಬಿ. ಹೋದ ವರ್ಷ ಹತ್ತೊಂಬತ್ತು ಮರಿಗಳನ್ನು ಕರೆದುಕೊಂಡು ಹೊರಟೆ. ನಡುಗಡಲಲ್ಲಿ ಪೂರ್ವದ ಗಾಳಿ ಹೊಡೆಯಿತು. ಹನ್ನೊಂದು ಮರಿಗಳು ನೀರಿಗೆ ಬಿದ್ದವು. ನಾನು ಮೇಲಿನಿಂದ ನೋಡುತ್ತಿದ್ದೆ.

ಆ ಗಾಳಿಯಲ್ಲಿ ಎಲ್ಲಿಂದ ಹೊರಡಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಬಲ್ಲ ಕೊಕ್ಕರೆ ಈಗ ಒಂದೂ ಉಳಿದಿಲ್ಲ. ನಿಮ್ಮ ಕಾಲದ ಯಂತ್ರಗಳ ನೆನಪೆಲ್ಲ ಅಳಿಸಿಹೋಗಿದೆ. ಉಳಿದದ್ದು ನಿಮ್ಮ ನೋಟ್‌ಬುಕ್ಕು ಒಂದೇ. ಗೆಳತಿಯರ ಜೊತೆ ಇದೇ ತಾರೀಫಾಕ್ಕೆ ಪ್ರವಾಸ ಬಂದ ದಿನ ಅದರಲ್ಲಿ ನೀವು ಬರೆದದ್ದು ಇಷ್ಟು: "ಬೆಳಿಗ್ಗೆಯಿಂದ ಪೂರ್ವದ ಗಾಳಿ. ಸಾವಿರಾರು ಕೊಕ್ಕರೆ ಗುಡ್ಡದ ಹಿಂದೆ ಕಾಯ್ತಾ ಕೂತಿವೆ. ಕಾಫಿ ಪರವಾಗಿಲ್ಲ, ಹಾಲು ಕಮ್ಮಿ. ಟೋಪಿ ಹಾರಿಹೋಯ್ತು. ಮೂರೂವರೆಗೆ ಹೊರಟ್ವು. ಅಬ್ಬಾ!"

ಅಬ್ಬಾ! ಆ ಒಂದು ಮಾತನ್ನು ಇಟ್ಟುಕೊಂಡು ನಾನು ಮರಿಗಳಿಗೆ ಏನು ಕಲಿಸಲಿ? ಮೈಸೂರಿನಲ್ಲಿ ಮೂವತ್ತು ವರ್ಷ "ಕಂಡದ್ದನ್ನು ಕಂಡ ಹಾಗೆ ಬರೀರಿ" ಎಂದು ಮಕ್ಕಳ ತಲೆ ತಿಂದ ಸಸ್ಯಶಾಸ್ತ್ರದ ಮೇಡಂ ನೀವು. ಗಾಳಿ ನಿಂತಿತೋ ತಿರುಗಿತೋ? ಯಾವ ಕಣಿವೆಯಿಂದ ಎದ್ದವು? ಹಾಲಿನ ಲೆಕ್ಕ ಇದೆ, ಇದೊಂದು ಇಲ್ಲ. ಪುಟಕ್ಕೆ ಅಂಟಿಸಿದ ಫೋಟೋದಲ್ಲಿ ನೀವೂ ನಿಮ್ಮ ಗೆಳತಿಯರೂ ಆಕಾಶಕ್ಕೆ ಬೆನ್ನು ಹಾಕಿ ನಗುತ್ತಿದ್ದೀರಿ. ಆ ಫೋಟೋ ಕಂಡಾಗಲೆಲ್ಲ ನನ್ನ ಮೈ ಉರಿಯುತ್ತದೆ. ನೋಡಲು ಅಷ್ಟು ಹಕ್ಕಿಗಳಿದ್ದವಲ್ಲ ಎಂಬ ಹೊಟ್ಟೆಯುರಿಯೂ ಅದರಲ್ಲಿದೆ, ಒಪ್ಪಿಕೊಳ್ಳುತ್ತೇನೆ.

ಈ ಪತ್ರ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ಅದು ಕೊಕ್ಕರೆಗಳು ಹೊರಟ ಆ ದಿನದ ಸಂಜೆಯೇ ನಿಮ್ಮ ಹೋಟೆಲ್ ಕೋಣೆಗೆ ಸೇರುತ್ತದೆ. ಕಂಡದ್ದು ಇನ್ನೂ ಕಣ್ಣಲ್ಲಿರುತ್ತದೆ. "ಅಬ್ಬಾ" ಎಂಬುದರ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಟ್ಟಿದ್ದೀರಿ. ಊಟಕ್ಕೆ ಏಳುವ ಮುಂಚೆ ಅಲ್ಲಿ ಬರೆಯಿರಿ, ದಯವಿಟ್ಟು.

ಈ ಸಲ ನನ್ನ ಬಳಿ ಹದಿನಾಲ್ಕು ಮರಿಗಳಿವೆ. ಪ್ರತಿಯೊಂದಕ್ಕೂ ಹೆಸರಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಆ ಪುಟವನ್ನು ಮತ್ತೆ ತೆರೆಯುತ್ತೇನೆ. ಆಗಲೂ ಆ ಜಾಗ ಖಾಲಿಯೇ ಇದ್ದರೆ, ಈ ಸಲ ನೀರಿಗೆ ಬಿದ್ದ ಮರಿಗಳ ಹೆಸರನ್ನು ವಾಪಸು ಬಂದು ಅಲ್ಲೇ ಬರೆಯುತ್ತೇನೆ.

ನಿಮ್ಮ,
ಶರಾವತಿ